ಕೆಲಸದ ಜಾಗದ ಸುರಕ್ಷತೆ: ಸೂಪರ್‌ವೈಸರ್ ಕೈಯಲ್ಲಿ ಎಷ್ಟಿದೆ?

ಕನ್ವೇಯರ್ ಬೆಲ್ಟ್ ಓಡುತ್ತಿದೆ. ರೋಲರ್ ಸಂದಿಗೆ ರಟ್ಟಿನ ಪೆಟ್ಟಿಗೆಯೊಂದು ಸಿಕ್ಕಿಕೊಂಡಿದೆ. ಕೈ ಹಾಕಿ ಎಳೆದರೆ ಐದು ಸೆಕೆಂಡಿನ ಕೆಲಸ. ಸರಿಯಾಗಿ ಮಾಡಬೇಕು ಅಂದರೆ ಮೊದಲು ಬೆಲ್ಟ್ ನಿಲ್ಲಿಸಬೇಕು. ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಕೀ ಜೇಬಿಗಿಟ್ಟುಕೊಳ್ಳಬೇಕು. ‘ಕೆಲಸ ನಡೆಯುತ್ತಿದೆ, ಸ್ವಿಚ್ ಹಾಕಬೇಡಿ’ ಅನ್ನುವ ಟ್ಯಾಗ್ ಕಟ್ಟಬೇಕು. ಸ್ವಿಚ್ ಆಫ್ ಆದ ಮೇಲೂ ಪೈಪಿನೊಳಗಿನ ಗಾಳಿಯ ಒತ್ತಡ, ಬಿಗಿಯಾದ ಸ್ಪ್ರಿಂಗ್, ಮೇಲೆ ತೂಗುತ್ತಿರುವ ಭಾರ ಇವೆಲ್ಲ ಮಷಿನ್ನನ್ನು ಅಲ್ಲಾಡಿಸಬಲ್ಲವು. ಆ ಒತ್ತಡವನ್ನೂ ಇಳಿಸಬೇಕು. ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ, ನಿಜವಾಗಿಯೂ ನಿಂತಿದೆಯಾ ಅಂತ ಖಚಿತ ಮಾಡಿಕೊಳ್ಳಬೇಕು. ಆಮೇಲಷ್ಟೇ ಕೈ ಹಾಕುವುದು. ಇಷ್ಟಕ್ಕೆ ಹತ್ತು ನಿಮಿಷ ಹಿಡಿಯಬಹುದು.

ಆ ಗಳಿಗೆಯಲ್ಲಿ ಕೆಲಸಗಾರರು ಗೋಡೆಯ ಮೇಲಿನ ಸುರಕ್ಷತಾ ಬೋರ್ಡ್ ನೋಡುವುದಿಲ್ಲ. ಸೂಪರ್‌ವೈಸರ್ ಮುಖ ನೋಡುತ್ತಾರೆ. ಅವರು ಗಡಿಯಾರ ನೋಡಿಕೊಂಡರೆ ಒಂದು ಅರ್ಥ. ‘ಬೀಗ ಎಲ್ಲಿ?’ ಅಂತ ಕೇಳಿದರೆ ಇನ್ನೊಂದು ಅರ್ಥ. ಏನೂ ಹೇಳದೆ ಮುಂದೆ ಹೋದರೆ ಅದಕ್ಕೂ ಅರ್ಥ ಇದೆ: ಕೈ ಹಾಕು, ನಾನು ನೋಡಲಿಲ್ಲ.

ಸುರಕ್ಷತೆಯ ಬಗ್ಗೆ ಮಾತಾಡುವಾಗ ನಾವು ಹೆಚ್ಚಾಗಿ ಎರಡು ತುದಿಗಳನ್ನು ನೋಡುತ್ತೇವೆ. ಮೇಲೆ ಕಾನೂನು, ಕಂಪನಿಯ ನೀತಿ, ಸೇಫ್ಟಿ ಆಫೀಸರ್. ಕೆಳಗೆ ಹೆಲ್ಮೆಟ್ ಹಾಕಿದ ಅಥವಾ ಹಾಕದ ಕೆಲಸಗಾರ. ನಡುವೆ ನಿಂತ ಸೂಪರ್‌ವೈಸರ್ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಇವತ್ತು ಯಾರು ಯಾವ ಕೆಲಸ ಮಾಡಬೇಕು, ಎಷ್ಟು ಹೊತ್ತಿನಲ್ಲಿ ಮುಗಿಸಬೇಕು, ಕೆಟ್ಟ ಮಷಿನ್ ಓಡಿಸಬೇಕಾ ನಿಲ್ಲಿಸಬೇಕಾ ಅನ್ನುವುದನ್ನೆಲ್ಲ ಹೇಳುವವರು ಅವರೇ. ಕಾಗದದ ಮೇಲಿನ ನಿಯಮ ನಿಜವಾದ ಕೆಲಸಕ್ಕೆ ಎದುರಾಗುವುದು ಅವರ ಮುಂದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನ ಪ್ರಕಾರ ಕೆಲಸಕ್ಕೆ ಸಂಬಂಧಿಸಿದ ಅಪಘಾತ ಮತ್ತು ಕಾಯಿಲೆಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ಕಾಯಿಲೆಗಳದ್ದು. ಧೂಳು, ರಾಸಾಯನಿಕ, ವಿಪರೀತ ಕೆಲಸದ ಅವಧಿ ಇವು ನಿಧಾನವಾಗಿ ಕೊಲ್ಲುತ್ತವೆ. ಹಾಗಾಗಿ ಸೂಪರ್‌ವೈಸರ್ ಗಮನ ಮೇಲಿಂದ ಬೀಳುವ ವಸ್ತು, ಕೈ ನುಜ್ಜಾಗುವ ಮಷಿನ್ ಇಷ್ಟಕ್ಕೇ ನಿಂತರೆ ಸಾಲದು. ಧೂಳು ಏಳುವ ಮೂಲೆ, ಕಿವಿಗೆ ಬಡಿಯುವ ಸದ್ದು, ರಾತ್ರಿ ಪಾಳಿಯ ಸುಸ್ತು ಕೂಡ ಅವರಿಗೆ ಕಾಣಬೇಕು.

ತಂಡ ನೋಡುವುದು ಏನನ್ನು?

ಇಸ್ರೇಲಿನ ಸಂಶೋಧಕ ಡೋವ್ ಜೋಹರ್ 1980ರಲ್ಲಿ ಒಂದು ವಿಚಾರ ಮುಂದಿಟ್ಟರು. ಪ್ರತಿ ಕೆಲಸದ ಜಾಗದಲ್ಲೂ ಒಂದು ‘ಸುರಕ್ಷತಾ ವಾತಾವರಣ’ ಇರುತ್ತದೆ. ಅಂದರೆ, ಇಲ್ಲಿ ನಿಜಕ್ಕೂ ಯಾವುದಕ್ಕೆ ಬೆಲೆ ಇದೆ ಅಂತ ಕೆಲಸಗಾರರೆಲ್ಲ ಸೇರಿ ಅರ್ಥ ಮಾಡಿಕೊಂಡಿರುವುದು. ಇದು ಯಾರೂ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ. ಅವಸರ ಬಂದಾಗ ಏನಾಯಿತು, ಯಾರಿಗೆ ಶಾಭಾಸ್ ಸಿಕ್ಕಿತು, ಯಾರಿಗೆ ಬೈಗುಳ ಸಿಕ್ಕಿತು ಅನ್ನುವುದನ್ನು ದಿನಾ ನೋಡಿ ಕಲಿತದ್ದು.

ಜೋಹರ್ ಮುಂದೆ ಇದನ್ನು ತಂಡಗಳ ಮಟ್ಟಕ್ಕೆ ಇಳಿಸಿ ನೋಡಿದರು. ಒಂದೇ ಕಂಪನಿ, ಒಂದೇ ನಿಯಮ, ಆದರೂ ತಂಡದಿಂದ ತಂಡಕ್ಕೆ ವಾತಾವರಣ ಬೇರೆ ಬೇರೆ. ಈ ವ್ಯತ್ಯಾಸದ ದೊಡ್ಡ ಪಾಲು ಬರುವುದು ಸೂಪರ್‌ವೈಸರ್ ನಡೆದುಕೊಳ್ಳುವ ರೀತಿಯಿಂದ. 2002ರಲ್ಲಿ ಪ್ರಕಟವಾದ ಅವರ ಪ್ರಯೋಗ ನನಗೆ ಬಹಳ ಮುಖ್ಯ ಅನಿಸುತ್ತದೆ. ಅಲ್ಲಿ ಕೆಲಸಗಾರರಿಗೆ ಹೊಸ ತರಬೇತಿಯನ್ನೇನೂ ಕೊಡಲಿಲ್ಲ. ಸೂಪರ್‌ವೈಸರ್ ನಿಮ್ಮ ಜೊತೆ ಏನು ಮಾತಾಡಿದರು, ಅದರಲ್ಲಿ ಸುರಕ್ಷತೆಯ ಮಾತಿತ್ತಾ ಅಂತ ಆಗಾಗ ಕೆಲಸಗಾರರನ್ನೇ ಕೇಳಿ, ಬಂದ ಉತ್ತರವನ್ನು ವಾರವಾರ ಆ ಸೂಪರ್‌ವೈಸರಿಗೆ ತಿಳಿಸಿದರು. ಸೂಪರ್‌ವೈಸರುಗಳ ಮಾತು ಬದಲಾಯಿತು. ಅದರ ಬೆನ್ನಲ್ಲೇ ಚಿಕ್ಕಪುಟ್ಟ ಗಾಯಗಳು ಇಳಿದವು, ಕಿವಿಗೆ ರಕ್ಷಣೆ ಹಾಕಿಕೊಳ್ಳುವವರು ಜಾಸ್ತಿಯಾದರು.

ಬದಲಾದದ್ದು ಮಾತಿನ ಬಗೆ ಮಾತ್ರ. ದಿನದ ಮಾತುಕತೆಯಲ್ಲಿ ‘ಎಷ್ಟು ಪೀಸ್ ಆಯ್ತು?’ ಜೊತೆಗೆ ‘ಆ ಗಾರ್ಡ್ ಸರಿಯಾಯ್ತಾ?’ ಅನ್ನುವುದೂ ಸೇರಿತು. ಗಾರ್ಡ್ ಅಂದರೆ ಮಷಿನ್ನಿನ ಓಡುವ ಭಾಗಕ್ಕೆ ಕೈ ತಾಗದಂತೆ ಹಾಕುವ ಕವಚ.

ಪಾಳಿ ಬದಲಾಗುವ ಹೊತ್ತು

ಸೂಪರ್‌ವೈಸರ್ ಕೆಲಸದಲ್ಲಿ ಅತಿ ಸೂಕ್ಷ್ಮವಾದದ್ದು ಮಾಹಿತಿ ದಾಟಿಸುವುದು. ಅದು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಪೈಪರ್ ಆಲ್ಫಾ ದುರಂತಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಪೈಪರ್ ಆಲ್ಫಾ ಸ್ಕಾಟ್ಲೆಂಡಿನ ಪೂರ್ವಕ್ಕೆ, ಉತ್ತರ ಸಮುದ್ರದ ನಡುವೆ ನಿಂತಿದ್ದ ತೈಲ ಮತ್ತು ಅನಿಲ ವೇದಿಕೆ. 1988ರ ಜುಲೈ 6ರಂದು ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ವಾಲ್ವನ್ನು ತಪಾಸಣೆಗೆ ಬಿಚ್ಚಿದರು. ಸಂಜೆಯೊಳಗೆ ಅದನ್ನು ವಾಪಸ್ ಕೂರಿಸಲು ಆಗಲಿಲ್ಲ. ವಾಲ್ವಿದ್ದ ಜಾಗದ ಪೈಪಿನ ಬಾಯಿಗೆ ಒಂದು ಲೋಹದ ಮುಚ್ಚಳ ಹಾಕಿ ಬಿಟ್ಟರು. ಅದು ಇದ್ದದ್ದು ಪಂಪಿನ ಹತ್ತಿರ ನಿಂತವರಿಗೆ ಸುಲಭವಾಗಿ ಕಾಣದ ಕಡೆ.

ಇಂಥ ಕಡೆ ಕೆಲಸ ನಡೆಯುವುದು ಪರ್ಮಿಟ್ ಮೇಲೆ. ಯಾವ ಯಂತ್ರ ಬಿಚ್ಚಿದೆ, ಯಾರು ಬಿಚ್ಚಿದ್ದಾರೆ, ಅದನ್ನು ಯಾವಾಗ ಓಡಿಸಬಹುದು ಅಂತ ಬರೆದು, ಸಹಿ ಹಾಕಿ ಕಂಟ್ರೋಲ್ ರೂಮಿನಲ್ಲಿ ಇಡಬೇಕು. ಅವತ್ತು ಆ ಪಂಪಿಗೆ ಎರಡು ಪರ್ಮಿಟ್ ಇದ್ದವು. ಒಂದು ಪಂಪಿನದೇ ದುರಸ್ತಿಗೆ, ಇನ್ನೊಂದು ವಾಲ್ವಿಗೆ. ಎರಡನ್ನೂ ಒಟ್ಟಿಗೆ ಇಡುವ ಪದ್ಧತಿ ಇರಲಿಲ್ಲ. ಪಾಳಿ ಬದಲಾಗುವಾಗ ವಾಲ್ವಿನ ವಿಷಯ ರಾತ್ರಿಯವರ ಕಿವಿಗೆ ಬೀಳಲಿಲ್ಲ.

ರಾತ್ರಿ ಸುಮಾರು 9.45ಕ್ಕೆ ಇನ್ನೊಂದು ಪಂಪ್ ಕೈಕೊಟ್ಟಿತು. ಅದು ಓಡದಿದ್ದರೆ ಇಡೀ ವೇದಿಕೆಯ ಕೆಲಸ ನಿಲ್ಲುವ ಪರಿಸ್ಥಿತಿ. ರಾತ್ರಿಯವರಿಗೆ ಗೊತ್ತಿದ್ದದ್ದು ದುರಸ್ತಿಯ ಪರ್ಮಿಟ್ ಒಂದೇ. ಆ ದುರಸ್ತಿ ಇನ್ನೂ ಶುರುವಾಗಿರಲಿಲ್ಲ. ಹಾಗಾದರೆ ಈ ಪಂಪ್ ಓಡಿಸಬಹುದು ಅಂದುಕೊಂಡರು. ಪಂಪ್ ಚಾಲೂ ಆಯಿತು, ಬಿಗಿಯಿಲ್ಲದ ಮುಚ್ಚಳದ ಬಳಿ ಅನಿಲ ಸೋರಿತು, ಹತ್ತು ಗಂಟೆ ಹೊತ್ತಿಗೆ ಸ್ಫೋಟವಾಯಿತು. ಒಟ್ಟು 167 ಜನ ಸತ್ತರು. ನಂತರ ವಿಚಾರಣೆ ನಡೆಸಿದ ಲಾರ್ಡ್ ಕಲನ್, ಘಟನೆ ನಡೆದಿರುವ ಸಾಧ್ಯತೆ ಹೀಗೇ ಎಂದು ತೀರ್ಮಾನಿಸಿದರು. 1990ರಲ್ಲಿ ಬಂದ ಅವರ ವರದಿಯಲ್ಲಿ 106 ಶಿಫಾರಸುಗಳಿದ್ದವು. ಪರ್ಮಿಟ್ ಪದ್ಧತಿ ಬರೆದಂತೆ ನಡೆಯುತ್ತಿರಲಿಲ್ಲ, ಅದನ್ನು ಯಾರೂ ಸರಿಯಾಗಿ ಗಮನಿಸುತ್ತಲೂ ಇರಲಿಲ್ಲ ಅನ್ನುವುದು ವಿಚಾರಣೆಯಲ್ಲಿ ಹೊರಬಂತು.

ಆ ರಾತ್ರಿ ಪಂಪ್ ಓಡಿಸಿದವರು ಬೇಜವಾಬ್ದಾರಿ ಜನ ಆಗಿರಲಿಲ್ಲ. ತಮ್ಮ ಮುಂದಿದ್ದ ಮಾಹಿತಿ ನೋಡಿ ಸರಿ ಕಂಡದ್ದನ್ನೇ ಮಾಡಿದರು. ಮಾಹಿತಿಯೇ ಅರ್ಧ ಇತ್ತು.

ಅದಕ್ಕೇ ಪಾಳಿ ಒಪ್ಪಿಸುವುದನ್ನು ಗೇಟಿನ ಹತ್ತಿರ ನಡೆದುಕೊಂಡೇ ‘ಎಲ್ಲ ಸರಿ ಇದೆ’ ಅಂತ ಮುಗಿಸಬಾರದು. ಹೋಗುವ ಸೂಪರ್‌ವೈಸರ್, ಬರುವ ಸೂಪರ್‌ವೈಸರ್ ಇಬ್ಬರೂ ಮುಖಾಮುಖಿ ನಿಲ್ಲಬೇಕು. ಲಾಗ್‌ಬುಕ್ ಇಬ್ಬರ ಮುಂದೆ ತೆರೆದಿರಬೇಕು. ಅರ್ಧಕ್ಕೆ ನಿಂತ ಕೆಲಸ ಯಾವುದು, ಬಿಚ್ಚಿಟ್ಟ ಭಾಗ ಯಾವುದು, ಬೈಪಾಸ್ ಮಾಡಿದ ಅಲಾರಂ ಯಾವುದು ಅಂತ ಬರುವವರೇ ಕೇಳಬೇಕು. ಕೇಳಿದ್ದನ್ನು ತಮ್ಮ ಮಾತಿನಲ್ಲಿ ವಾಪಸ್ ಹೇಳಬೇಕು. ಸಾಧ್ಯವಿದ್ದರೆ ಇಬ್ಬರೂ ಆ ಜಾಗಕ್ಕೆ ಹೋಗಿ ಕಣ್ಣಾರೆ ನೋಡಬೇಕು. ಇದಕ್ಕೆ ಎರಡು ಪಾಳಿಗಳ ನಡುವೆ ಹದಿನೈದು ನಿಮಿಷ ಕೂಡಿ ಬರುವಂತೆ ವೇಳಾಪಟ್ಟಿ ಇರಬೇಕು. ಆ ಹದಿನೈದು ನಿಮಿಷಕ್ಕೂ ಸಂಬಳ ಕೊಡಬೇಕು. ಇಲ್ಲದಿದ್ದರೆ ಇದು ನಡೆಯುವುದಿಲ್ಲ.

ಸೂಪರ್‌ವೈಸರ್ ಇಲ್ಲದಾಗ

ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಸಂಸ್ಕರಣಾ ಘಟಕದಲ್ಲಿ 2005ರ ಮಾರ್ಚ್ 23ರಂದು ನಡೆದ ಸ್ಫೋಟದಲ್ಲಿ 15 ಜನ ಸತ್ತರು, 180 ಜನ ಗಾಯಗೊಂಡರು. ಅವತ್ತು ತೈಲವನ್ನು ಬೇರ್ಪಡಿಸುವ ಒಂದು ಎತ್ತರದ ಗೋಪುರವನ್ನು ಮತ್ತೆ ಚಾಲೂ ಮಾಡುತ್ತಿದ್ದರು. ಚಾಲೂ ಮಾಡುವ ಹೊತ್ತು ಮಾಮೂಲಿ ಓಟಕ್ಕಿಂತ ಅಪಾಯದ್ದು. ಆ ಬೆಳಗ್ಗೆ ಮನೆಯಲ್ಲಿ ತುರ್ತು ಬಂದು ಅನುಭವಿ ಸೂಪರ್‌ವೈಸರ್ ಒಬ್ಬರು ಹೊರಟರು. ಅವರ ಜಾಗಕ್ಕೆ ಅಷ್ಟೇ ತಿಳಿವಳಿಕೆ ಇರುವ ಇನ್ನೊಬ್ಬರನ್ನು ನಿಲ್ಲಿಸಲಿಲ್ಲ. ಕಂಟ್ರೋಲ್ ಬೋರ್ಡ್ ಮುಂದಿದ್ದ ಒಬ್ಬರೇ ಆಪರೇಟರ್ ಮೂರು ಘಟಕಗಳನ್ನು ನೋಡಿಕೊಳ್ಳುತ್ತಿದ್ದರು. ಒಂದು ತಿಂಗಳ ಹತ್ತಿರ ರಜೆಯಿಲ್ಲದೆ ದಿನಕ್ಕೆ 12 ಗಂಟೆ ದುಡಿದ ಆಪರೇಟರುಗಳು ಅಲ್ಲಿದ್ದರು. ಗೋಪುರದಲ್ಲಿ ದ್ರವ ಮಿತಿಮೀರಿ ತುಂಬಿದ್ದು ಮೀಟರಿನಲ್ಲಿ ಸರಿಯಾಗಿ ಕಾಣಲಿಲ್ಲ.

ಮನೆಗೆ ಹೋದವರದ್ದು ತಪ್ಪಲ್ಲ. ಆ ಜಾಗದಲ್ಲಿ ಯಾರಿದ್ದರೂ ಹೋಗಲೇಬೇಕಿತ್ತು. ‘ಇವರು ಹೋದರೆ ಯಾರು, ಯಾರೂ ಸಿಗದಿದ್ದರೆ ಕೆಲಸ ನಿಲ್ಲಿಸಬೇಕಾ?’ ಅಂತ ಮೊದಲೇ ತೀರ್ಮಾನ ಆಗಿರಬೇಕಿತ್ತು. ಅಪಾಯದ ಕೆಲಸ ನಡೆಯುವ ಯಾವ ಜಾಗದಲ್ಲೂ ಈ ಪ್ರಶ್ನೆಗೆ ಉತ್ತರ ಬರೆದಿಟ್ಟಿರಬೇಕು. ಸುಮ್ನೆ ಕುರ್ಚಿ ತುಂಬಿಸಿದರೆ ಮೇಲ್ವಿಚಾರಣೆ ಆಗುವುದಿಲ್ಲ.

ಹೇಳಿದವರಿಗೆ ಸಿಗುವ ಉತ್ತರ

“ಸಾರ್, ಗ್ರೈಂಡರ್ ಗಾರ್ಡ್ ಅಲ್ಲಾಡ್ತಿದೆ.”

“ಆಯ್ತು, ನೋಡೋಣ. ಮೊದಲು ಈ ಲಾಟ್ ಮುಗಿಸಪ್ಪಾ.”

ಬೈದಿಲ್ಲ, ರೇಗಿಲ್ಲ. ಆದರೂ ಆ ಕೆಲಸಗಾರ ಇನ್ನೊಮ್ಮೆ ಹೇಳುವುದಿಲ್ಲ. ಪಕ್ಕದಲ್ಲಿ ಕೇಳಿಸಿಕೊಂಡವರೂ ಹೇಳುವುದಿಲ್ಲ. ಮುಂದಿನ ತಿಂಗಳು ರಿಜಿಸ್ಟರಿನಲ್ಲಿ ದೂರುಗಳೇ ಇರುವುದಿಲ್ಲ. ಮೇಲಿನವರು ಅದನ್ನು ನೋಡಿ ಸುರಕ್ಷತೆ ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

ಬೇರೆ ಉತ್ತರ ಹೀಗಿರಬಹುದು: “ಹೌದಾ? ಆಫ್ ಮಾಡಿ, ಪ್ಲಗ್ ತೆಗೆದುಬಿಡಿ. ಮೆಂಟೆನೆನ್ಸ್‌ಗೆ ಈಗಲೇ ಹೇಳ್ತೀನಿ. ಅಲ್ಲಿವರೆಗೆ ನೀವು ಆ ಬೆಂಚಿಗೆ ಬನ್ನಿ.” ಸಂಜೆ ಎಲ್ಲರ ಮುಂದೆ, ಇವರು ಹೇಳಿದ್ದಕ್ಕೆ ಗೊತ್ತಾಯಿತು ಅಂತ ಒಂದು ಮಾತು. ದುರಸ್ತಿ ಅವತ್ತೇ ಆಗದಿದ್ದರೆ ಯಾಕೆ ಆಗಲಿಲ್ಲ, ಯಾವಾಗ ಆಗುತ್ತದೆ ಅಂತ ತಿರುಗಿ ಬಂದು ತಿಳಿಸುವುದು. ಈ ತಿರುಗಿ ಬಂದು ತಿಳಿಸುವ ಕೆಲಸವನ್ನೇ ಜಾಸ್ತಿ ಜನ ಬಿಟ್ಟುಬಿಡುವುದು. ಕೆಲಸಗಾರರ ನಂಬಿಕೆ ನಿಂತಿರುವುದೂ ಅದರ ಮೇಲೇ.

ಟೊಯೋಟಾ ಕಾರ್ಖಾನೆಗಳ ‘ಆಂಡಾನ್’ ಹಗ್ಗದ ಬಗ್ಗೆ ಕೇಳಿರಬಹುದು. ತೊಂದರೆ ಕಂಡ ಯಾವ ಕೆಲಸಗಾರರಾದರೂ ಹಗ್ಗ ಎಳೆಯಬಹುದು. ಎಳೆದ ಕೂಡಲೇ ದೀಪ ಹತ್ತಿ, ಟೀಮ್ ಲೀಡರ್ ಓಡಿ ಬರುತ್ತಾರೆ. ನಿಗದಿತ ಹೊತ್ತಿನೊಳಗೆ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಇದನ್ನು ನೋಡಿ ಹಗ್ಗ ಕಟ್ಟಿಕೊಂಡ ಕಂಪನಿಗಳು ಬಹಳ. ಆದರೆ ಹಗ್ಗ ಎಳೆದಾಗ ಬರುವವರ ಮುಖ ಹೇಗಿರುತ್ತದೆ ಅನ್ನುವುದೇ ಮುಖ್ಯ. ಮುಖ ಗಂಟಿಕ್ಕಿದ್ದರೆ ಎರಡನೇ ಸಲ ಯಾರೂ ಎಳೆಯುವುದಿಲ್ಲ.

ಇದು ಬರೀ ಒಳ್ಳೆಯತನದ ವಿಷಯವಲ್ಲ, ಹಕ್ಕಿನ ವಿಷಯ ಕೂಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಡಂಬಡಿಕೆ ಸೂಪರ್‌ವೈಸರ್ ಪಾತ್ರವನ್ನು ನೇರವಾಗಿಯೇ ಹೇಳುತ್ತದೆ. ಜೀವಕ್ಕೆ ಅಥವಾ ಆರೋಗ್ಯಕ್ಕೆ ಗಂಭೀರ ಅಪಾಯ ಎದುರಿಗೇ ಇದೆ ಅಂತ ಸಕಾರಣವಾಗಿ ಅನ್ನಿಸಿದರೆ ಕೆಲಸಗಾರರು ಅದನ್ನು ತಮ್ಮ ನೇರ ಮೇಲ್ವಿಚಾರಕರಿಗೆ ಕೂಡಲೇ ತಿಳಿಸಬೇಕು. ಅದು ಸರಿಹೋಗುವವರೆಗೆ, ಅಪಾಯ ಮುಂದುವರಿದಿರುವ ಆ ಜಾಗಕ್ಕೆ ವಾಪಸ್ ಹೋಗಿ ಅಂತ ಮಾಲೀಕರು ಹೇಳುವಂತಿಲ್ಲ. ಹಾಗೆ ಕೆಲಸ ಬಿಟ್ಟು ಹೊರಬಂದವರಿಗೆ ತೊಂದರೆ ಕೊಡಬಾರದು ಅನ್ನುವುದೂ ಅದೇ ಒಡಂಬಡಿಕೆಯಲ್ಲಿದೆ. 2022ರಲ್ಲಿ ಇದನ್ನು ಮೂಲಭೂತ ಒಡಂಬಡಿಕೆಗಳ ಸಾಲಿಗೆ ಸೇರಿಸಿದರು.

‘ಅಜಾಗರೂಕತೆ’ ಎಂದು ಬರೆಯುವ ಮುಂಚೆ

ಅಪಘಾತವಾದ ಮೇಲೆ ಮೊದಲ ವರದಿ ಬರೆಯುವವರು ಸಾಮಾನ್ಯವಾಗಿ ಸೂಪರ್‌ವೈಸರ್. ಆ ಕೈಬರಹಕ್ಕೆ ಎಷ್ಟು ತೂಕ ಇದೆ ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್ರಿಚ್ 1931ರಲ್ಲಿ ಬರೆದ ಪುಸ್ತಕದಿಂದ ಎರಡು ಲೆಕ್ಕಗಳು ಜಗತ್ತೆಲ್ಲ ಹರಡಿದವು. ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ ಮತ್ತು ಗಾಯವಾಗದ 300 ಘಟನೆ ಇರುತ್ತವೆ ಅನ್ನುವುದು ಒಂದು. ಶೇ. 88ರಷ್ಟು ಅಪಘಾತಗಳಿಗೆ ಕೆಲಸಗಾರರ ತಪ್ಪು ನಡವಳಿಕೆಯೇ ಕಾರಣ ಅನ್ನುವುದು ಇನ್ನೊಂದು. ನಂತರದ ತಜ್ಞರು ಈ ಎರಡನ್ನೂ ಬಲವಾಗಿ ಪ್ರಶ್ನಿಸಿದ್ದಾರೆ. ಅವರ ಆಕ್ಷೇಪಗಳಲ್ಲಿ ಒಂದು ನೇರವಾಗಿ ನಮ್ಮ ವಿಷಯಕ್ಕೆ ಸೇರುತ್ತದೆ: ಆ ಲೆಕ್ಕಕ್ಕೆ ಆಧಾರವಾದ ಕಾರ್ಖಾನೆ ದಾಖಲೆಗಳನ್ನು ಬರೆಯುತ್ತಿದ್ದವರು ಸೂಪರ್‌ವೈಸರುಗಳು. ಯಂತ್ರದ ವಿನ್ಯಾಸ ಸರಿಯಿಲ್ಲ, ಅವಸರ ಮಾಡಿಸಿದ್ದು ನಾವೇ ಅಂತ ಬರೆಯುವುದಕ್ಕಿಂತ ‘ಕೆಲಸಗಾರನ ಅಜಾಗರೂಕತೆ’ ಅಂತ ಬರೆಯುವುದು ಸುಲಭ ಅಲ್ವಾ?

ಹಾಗೆ ಬರೆದ ಕ್ಷಣಕ್ಕೆ ತನಿಖೆ ಮುಗಿಯುತ್ತದೆ. ಎಚ್ಚರಿಕೆಯ ಪತ್ರವೊಂದು ಹೋಗುತ್ತದೆ, ಯಂತ್ರ ಹಾಗೇ ಇರುತ್ತದೆ, ಆ ಜಾಗಕ್ಕೆ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಕೈ ಹಾಕಿದ್ದು ಯಾಕೆ ಅಂತ ಕೇಳಿದರೆ ಮಾತ್ರ ಮುಂದಿನ ಎಳೆ ಸಿಗುತ್ತದೆ. ಪೆಟ್ಟಿಗೆ ಅಲ್ಲೇ ಯಾಕೆ ದಿನಾ ಸಿಕ್ಕಿಕೊಳ್ಳುತ್ತದೆ? ಬೀಗಗಳು ಸ್ಟೋರ್ ರೂಮಿನಲ್ಲಿವೆಯಾ, ಮಷಿನ್ ಪಕ್ಕದಲ್ಲೇ ಇವೆಯಾ? ಬೆಲ್ಟ್ ನಿಲ್ಲಿಸಿದ ಹತ್ತು ನಿಮಿಷವನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ?

ಅಪಾಯ ತಡೆಯುವ ದಾರಿಗಳಿಗೆ ಎಲ್ಲರೂ ಒಪ್ಪಿದ ಒಂದು ಕ್ರಮ ಇದೆ. ಮೊದಲು, ಅಪಾಯವನ್ನೇ ತೆಗೆದುಹಾಕಲು ಆಗುತ್ತದಾ ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತು ಬಳಸಬೇಕು. ಆಮೇಲೆ ಗಾರ್ಡ್, ಧೂಳು ಎಳೆಯುವ ಫ್ಯಾನ್, ಬಾಗಿಲು ತೆರೆದರೆ ಮಷಿನ್ ನಿಲ್ಲಿಸುವ ಇಂಟರ್‌ಲಾಕ್. ಅದರ ನಂತರ ನಿಯಮ, ತರಬೇತಿ, ಪಾಳಿ ಬದಲಾವಣೆ. ಕಟ್ಟಕಡೆಗೆ ಹೆಲ್ಮೆಟ್, ಗ್ಲೌಸ್, ಮಾಸ್ಕ್. ಸೂಪರ್‌ವೈಸರುಗಳು ದಿನವೆಲ್ಲ ಹೋರಾಡುವುದು ಈ ಕೊನೆಯ ಮೆಟ್ಟಿಲಿನಲ್ಲಿ, ಯಾಕೆಂದರೆ ಅವರ ಕೈಗೆ ಸಿಗುವುದು ಅದೊಂದೇ. ಮೇಲಿನ ಮೆಟ್ಟಿಲುಗಳಿಗೆ ದುಡ್ಡು ಬೇಕು, ಮ್ಯಾನೇಜರ್ ಸಹಿ ಬೇಕು. ಆದರೂ ‘ಇಲ್ಲಿ ಗ್ಲೌಸ್ ಸಾಲದು, ಗಾರ್ಡ್ ಬೇಕು’ ಅಂತ ಬರೆದು ಮೇಲಕ್ಕೆ ಕಳಿಸುವುದು, ಉತ್ತರ ಬರುವವರೆಗೆ ಬೆನ್ನು ಹತ್ತುವುದು ಸೂಪರ್‌ವೈಸರ್ ಮಾಡಬಹುದಾದ ದೊಡ್ಡ ಕೆಲಸ. ಅಲ್ಲಿ ದಿನಾ ನಿಂತು ನೋಡುವವರ ಮಾತಿಗೆ ಇರುವ ಬಲ ಬೇರೆ ಯಾರ ಮಾತಿಗೂ ಇರುವುದಿಲ್ಲ.

ಹೊಸಬರು ಮತ್ತು ಇಕ್ಕಟ್ಟಿನ ಜಾಗ

ಕೆಲಸಕ್ಕೆ ಸೇರಿದ ಮೊದಲ ತಿಂಗಳು ಬಹಳ ಅಪಾಯದ ಕಾಲ. ಕೆನಡಾದ ಸಂಶೋಧನೆಗಳ ಪ್ರಕಾರ, ವರ್ಷಕ್ಕಿಂತ ಹೆಚ್ಚು ಅನುಭವ ಇರುವವರಿಗೆ ಹೋಲಿಸಿದರೆ ಮೊದಲ ತಿಂಗಳಿನವರಿಗೆ ರಜೆ ಹಾಕುವಷ್ಟು ಗಾಯವಾಗುವ ಸಾಧ್ಯತೆ ಮೂರು ಪಟ್ಟಿಗೂ ಜಾಸ್ತಿ. ಹೊಸಬರು ಕೇಳಲು ಹಿಂಜರಿಯುತ್ತಾರೆ. ‘ಗೊತ್ತಾಯ್ತಾ?’ ಅಂದರೆ ‘ಗೊತ್ತಾಯ್ತು ಸಾರ್’ ಅನ್ನುತ್ತಾರೆ. ‘ಒಂದ್ಸಲ ಮಾಡಿ ತೋರಿಸಿ’ ಅಂದರೆ ನಿಜ ಹೊರಬರುತ್ತದೆ. ಕಾಂಟ್ರಾಕ್ಟ್ ಮೇಲೆ ಬಂದವರು, ಬೇರೆ ಭಾಷೆಯವರು, ಒಂದು ವಿಭಾಗದಿಂದ ಇನ್ನೊಂದಕ್ಕೆ ಬಂದವರು ಎಲ್ಲರೂ ಇಲ್ಲಿ ಹೊಸಬರೇ.

ಬಿಸಿಲಿನ ಕೆಲಸದಲ್ಲಿ ಇದಕ್ಕೆ ಲೆಕ್ಕವೇ ಇದೆ. ಸುಡುವ ಬಿಸಿಯಲ್ಲಿ ದುಡಿಯಲು ದೇಹಕ್ಕೆ ಒಂದೆರಡು ವಾರದ ಅಭ್ಯಾಸ ಬೇಕು. ಹಾಗಾಗಿ ಹೊಸಬರನ್ನು ಮೊದಲ ದಿನ ಪೂರ್ತಿ ಅವಧಿಯ ಶೇ. 20ರಷ್ಟು ಹೊತ್ತು ಮಾತ್ರ ಬಿಸಿಯಲ್ಲಿ ನಿಲ್ಲಿಸಬೇಕು, ಆಮೇಲೆ ದಿನಕ್ಕೆ ಶೇ. 20ಕ್ಕಿಂತ ಹೆಚ್ಚಿಸಬಾರದು ಅನ್ನುವುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಇದು ಸೂಪರ್‌ವೈಸರ್ ಒಬ್ಬರೇ ಜಾರಿಗೆ ತರಬಹುದಾದ ವಿಷಯ. ಹಾಜರಿ ಪಟ್ಟಿ ಕೈಯಲ್ಲಿರುವುದು ಅವರಿಗೇ.

ಟ್ಯಾಂಕ್, ಮ್ಯಾನ್‌ಹೋಲ್, ಆಳದ ಗುಂಡಿಯಂಥ ಇಕ್ಕಟ್ಟಿನ ಜಾಗದಲ್ಲಿ ಕಷ್ಟ ಇನ್ನೊಂದು ಬಗೆಯದು. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 20.9 ಇರುತ್ತದೆ. ಶೇ. 19.5ಕ್ಕಿಂತ ಇಳಿದರೆ ಒಳಗೆ ಇಳಿಯಬಾರದು. ಆ ಇಳಿಕೆ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಗೊತ್ತಾಗುವುದಿಲ್ಲ, ಮೀಟರ್ ಮಾತ್ರ ಹೇಳುತ್ತದೆ. ಒಳಗಿದ್ದವರು ಕುಸಿದರೆ ಮೇಲಿದ್ದವರು ಕೂಡಲೇ ಇಳಿಯುತ್ತಾರೆ, ಅವರೂ ಬೀಳುತ್ತಾರೆ, ಮೂರನೆಯವರು ಇಳಿಯುತ್ತಾರೆ. ಇಂಥ ಸಾವುಗಳಲ್ಲಿ ಕಾಪಾಡಲು ಹೋದವರ ಪಾಲು ದೊಡ್ಡದು. ಆ ಹೊತ್ತಿನಲ್ಲಿ ಸ್ನೇಹಿತನ ಕಡೆ ಧುಮುಕುವವರನ್ನು ತೋಳು ಹಿಡಿದು ತಡೆಯಬೇಕಾದವರು ಸೂಪರ್‌ವೈಸರ್. ಇದು ತುಂಬ ಕಷ್ಟದ ಕೆಲಸ. ಹಾಗಾಗಿ ಮೀಟರ್ ಹಿಡಿದು ನೋಡುವುದು, ಹೊರಗಿನಿಂದಲೇ ಮೇಲೆಳೆಯುವ ಹಗ್ಗ ಮತ್ತು ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿ) ಕಟ್ಟುವುದು, ಯಾವ ಕಾರಣಕ್ಕೂ ಒಳಗೆ ಇಳಿಯದೆ ಬಾಯಿಯ ಹತ್ತಿರವೇ ಇರುವ ಕಾವಲುಗಾರರನ್ನು ನಿಲ್ಲಿಸುವುದು ಎಲ್ಲವೂ ಮೊದಲನೆಯವರು ಇಳಿಯುವ ಮುಂಚೆ ಆಗಬೇಕು.

ಸೂಪರ್‌ವೈಸರಿಗೆ ಬೇಕಾದದ್ದು

ಇಷ್ಟೆಲ್ಲ ಓದಿ, ಎಲ್ಲ ಹೊಣೆಯನ್ನೂ ಅವರ ತಲೆಗೆ ಕಟ್ಟಿದರೆ ಅನ್ಯಾಯ. ಹೆಚ್ಚಿನ ಕಡೆ ಒಳ್ಳೆಯ ಕೆಲಸಗಾರರನ್ನೇ ಸೂಪರ್‌ವೈಸರ್ ಮಾಡುತ್ತಾರೆ. ನಿನ್ನೆವರೆಗೆ ಜೊತೆಯಲ್ಲಿ ಊಟ ಮಾಡಿದವರಿಗೆ ಇವತ್ತಿನಿಂದ ‘ಹಾರ್ನೆಸ್ ಹಾಕಿ’ ಅನ್ನಬೇಕು. ಹಾಗೆ ಹೇಳುವುದು ಹೇಗೆ, ಎದುರು ಮಾತಾಡಿದರೆ ಏನು ಮಾಡಬೇಕು ಅಂತ ಯಾರೂ ಕಲಿಸಿರುವುದಿಲ್ಲ. ಒಂದು ಕೈಯಲ್ಲಿ ಉತ್ಪಾದನೆಯ ಟಾರ್ಗೆಟ್, ಇನ್ನೊಂದರಲ್ಲಿ ಸುರಕ್ಷತೆಯ ಚೆಕ್‌ಲಿಸ್ಟ್. ಟಾರ್ಗೆಟ್ ತಪ್ಪಿದರೆ ಅವತ್ತು ಸಂಜೆಯೇ ಫೋನ್ ಬರುತ್ತದೆ. ಚೆಕ್‌ಲಿಸ್ಟ್ ತಪ್ಪಿದರೆ ಅಪಘಾತ ಆಗುವವರೆಗೆ ಯಾರೂ ಕೇಳುವುದಿಲ್ಲ. ಅರ್ಧ ದಿನ ಫಾರ್ಮ್ ತುಂಬುವುದರಲ್ಲೇ ಕಳೆಯುತ್ತದೆ, ಕೆಲಸ ನಡೆಯುವ ಕಡೆ ನಿಲ್ಲಲು ಹೊತ್ತೇ ಸಿಗುವುದಿಲ್ಲ.

ಆದ್ದರಿಂದ ಸುರಕ್ಷತೆ ಬೇಕು ಅನ್ನುವ ಮ್ಯಾನೇಜರುಗಳು ಸೂಪರ್‌ವೈಸರಿಗೆ ಮೊದಲು ಕೊಡಬೇಕಾದದ್ದು ಕೆಲಸ ನಿಲ್ಲಿಸುವ ಅಧಿಕಾರ, ಅದೂ ಬರವಣಿಗೆಯಲ್ಲಿ. ಅಪಾಯ ಕಂಡು ನಿಲ್ಲಿಸಿದ ಹೊತ್ತನ್ನು ಅವರ ಟಾರ್ಗೆಟ್‌ನಿಂದ ಕಳೆಯಬೇಕು. ಒಬ್ಬರ ಕೆಳಗೆ ಕಣ್ಣಳತೆಯಲ್ಲಿ ನೋಡಿಕೊಳ್ಳಲು ಆಗುವಷ್ಟೇ ಜನ ಇರಬೇಕು. ಕಾಗದದ ಕೆಲಸಕ್ಕೆ ಇನ್ನೊಬ್ಬರ ಸಹಾಯ ಇರಬೇಕು. ಅವರು ಮೊದಲ ಸಲ ಲೈನ್ ನಿಲ್ಲಿಸಿ, ಬಿಚ್ಚಿ ನೋಡಿದಾಗ ಏನೂ ತೊಂದರೆ ಇಲ್ಲ ಅಂತ ಗೊತ್ತಾದ ದಿನ ಮ್ಯಾನೇಜರ್ ಏನು ಹೇಳುತ್ತಾರೆ ಅನ್ನುವುದನ್ನು ಇಡೀ ಪಾಳಿ ಕಾದು ನೋಡುತ್ತಿರುತ್ತದೆ. ಅವತ್ತು ‘ನಿಲ್ಲಿಸಿದ್ದು ಸರಿ’ ಅಂತ ಎಲ್ಲರ ಮುಂದೆ ಹೇಳಬೇಕು.